ನೆರಳು ಆಮೇಲೆ ಹಾಕಿ, ಬೆಳಕು ಎಲ್ಲಿದೆ ಮೊದಲು ಹೇಳಿ

ಕಳೆದ ವರ್ಷ ಒಂದು ಕಾಲೇಜಿನಲ್ಲಿ ನಡೆದ ಎರಡು ದಿನಗಳ ಕಾರ್ಯಾಗಾರಕ್ಕೆ ಹೋಗಿದ್ದೆ. ವೆಕ್ಟರ್ ಚಿತ್ರಗಳಿಗೆ ಶೇಡಿಂಗ್ ಮಾಡುವುದು ಹೇಗೆ ಎಂಬುದು ವಿಷಯ. ನೋಂದಣಿ ಶುಲ್ಕ ಮುನ್ನೂರು ರೂಪಾಯಿ, ಮಧ್ಯಾಹ್ನ ಪಲಾವ್, ಕೊನೆಯಲ್ಲಿ ಸರ್ಟಿಫಿಕೇಟು. ಸಂಪನ್ಮೂಲ ವ್ಯಕ್ತಿ ಪ್ರೊಜೆಕ್ಟರ್ ಹಾಕಿ ಪರದೆಯ ಮೇಲೊಂದು ವೃತ್ತ ಎಳೆದರು. ಅದಕ್ಕೆ ರೇಡಿಯಲ್ ಗ್ರೇಡಿಯಂಟ್ ತುಂಬಿದರು; ನಡುವೆ ಬಿಳುಪು, ಅಂಚಿಗೆ ಕಡುಗೆಂಪು. ಕೆಳಗೆ ಕಪ್ಪು ಮೊಟ್ಟೆಯಾಕಾರವೊಂದನ್ನು ಇಟ್ಟು ಬ್ಲರ್ ಹೆಚ್ಚಿಸಿದರು. ವೃತ್ತ ಚೆಂಡಾಯಿತು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಮಧ್ಯಾಹ್ನದ ಮೇಲೆ ಚೆಂಡು ಸೇಬಾಯಿತು. ಮರುದಿನ ಸೇಬು ಹೊಳೆಯುವ ಬಟನ್ ಆಯಿತು, ಬಟನ್ ಕಾರಿನ ಬಾನೆಟ್ ಆಯಿತು. ಹೆಚ್ಚುಕಡಿಮೆ ಹತ್ತು ಗಂಟೆಯ ಪಾಠ. ಅಷ್ಟರಲ್ಲಿ ಒಮ್ಮೆಯೂ, ಒಂದೇ ಒಂದು ಸಲವೂ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬ ಮಾತು ಬರಲಿಲ್ಲ.

ಆಗ ನನಗೂ ಇದು ಹೊಳೆದಿರಲಿಲ್ಲ. ಹೊಳೆದದ್ದು ಆಮೇಲೆ, ಒಂದು ನಿಂಬೆಹಣ್ಣಿನ ದೆಸೆಯಿಂದ.

ಸೊರಬ, ಶಿಕಾರಿಪುರ ಕಡೆಯ ವೀರಗಲ್ಲು, ಮಾಸ್ತಿಕಲ್ಲುಗಳ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೇನೆ. ಕಲ್ಲುಗಳ ಚಿತ್ರ ಬರೆಯದೆ ಈ ಪ್ರಬಂಧ ಮುಗಿಯುವುದಿಲ್ಲ. ಫೋಟೋ ಸಾಲದೇ ಎಂದು ಕೇಳುವವರು ಒಮ್ಮೆ ಹಳ್ಳಿಯ ಬಯಲಿನಲ್ಲಿ ನಿಂತ ಕಲ್ಲೊಂದರ ಫೋಟೋ ತೆಗೆದು ನೋಡಬೇಕು. ಪಾಚಿ, ಎಣ್ಣೆಯ ಜಿಡ್ಡು, ಅರಿಶಿನ, ಮರದ ಎಲೆಯ ನೆರಳು, ಕೆಲವೊಮ್ಮೆ ಊರಿನವರು ಭಕ್ತಿಯಿಂದ ಬಳಿದ ಆಯಿಲ್ ಪೇಂಟು ಎಲ್ಲವೂ ಫೋಟೋದಲ್ಲಿ ಬರುತ್ತವೆ. ಕೆತ್ತನೆ ಮಾತ್ರ ಬರುವುದಿಲ್ಲ. ಅದಕ್ಕಾಗಿ ಗೆರೆಯ ಚಿತ್ರ ಬೇಕು, ಉಬ್ಬು ತಗ್ಗು ತಿಳಿಯಲು ಗೆರೆಗೆ ನೆರಳು ಬೇಕು. ಇಲಸ್ಟ್ರೇಟರ್‌ಗೆ ತಿಂಗಳು ತಿಂಗಳೂ ಬಾಡಿಗೆ ಕಟ್ಟುವ ಶಕ್ತಿ ನನ್ನ ಫೆಲೋಶಿಪ್ಪಿಗಿಲ್ಲ. ಅದು ಬರುವುದೇ ಮೂರು ತಿಂಗಳಿಗೊಮ್ಮೆ. ಹಾಗಾಗಿ ಇಂಕ್‌ಸ್ಕೇಪ್. 2003ರಲ್ಲಿ ಶುರುವಾದ ಮುಕ್ತ ತಂತ್ರಾಂಶ, ದುಡ್ಡಿಲ್ಲ, ಕಳ್ಳಪ್ರತಿಯ ಅಳುಕೂ ಇಲ್ಲ.

ಮಾಸ್ತಿಕಲ್ಲು ನೋಡದವರಿಗಾಗಿ ಎರಡು ಮಾತು. ಗಂಡ ಸತ್ತಾಗ ಚಿತೆಯೇರಿದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಕಂಬವೊಂದರಿಂದ ಹೊರಚಾಚಿದ ತೋಳು, ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಕೈ, ಮುಂಗೈ ತುಂಬ ಬಳೆ. ಎಷ್ಟೋ ಕಲ್ಲುಗಳಲ್ಲಿ ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ನಿಂಬೆಹಣ್ಣು. ಯಾವ ಕಲ್ಲಿನಲ್ಲಿ ನಿಂಬೆಹಣ್ಣಿದೆ, ಯಾವುದರಲ್ಲಿ ಕನ್ನಡಿಯಿದೆ, ಯಾವುದರಲ್ಲಿ ಕೈ ಬರಿದಾಗಿದೆ ಎಂದು ಪಟ್ಟಿ ಮಾಡುವುದು ನನ್ನ ಮೂರನೆಯ ಅಧ್ಯಾಯದ ಕೆಲಸ.

ಒಂದು ಕಲ್ಲಿನ ಚಿತ್ರವನ್ನು ಕಾರ್ಯಾಗಾರ ಮುಗಿದ ಹೊಸ ಹುರುಪಿನಲ್ಲಿ ಬರೆದೆ. ಫೆಬ್ರವರಿಯ ನಡುಮಧ್ಯಾಹ್ನ ತೆಗೆದ ಫೋಟೋ ಇತ್ತು. ಬೆರಳುಗಳ ನಡುವೆ ಒಂದು ದುಂಡನೆಯ ಗುರುತು. ವೃತ್ತ ಎಳೆದೆ, ಕಲಿತಂತೆ ಗ್ರೇಡಿಯಂಟ್ ತುಂಬಿದೆ, ಬಿಳಿಯ ಹೊಳಪನ್ನು ಎಡಕ್ಕೆ, ಮೇಲಕ್ಕೆ ಸ್ವಲ್ಪ ಸರಿಸಿದೆ. ಯಾಕೆ ಸರಿಸಿದೆ? ಚೆನ್ನಾಗಿ ಕಂಡಿತು, ಅದಕ್ಕೆ. ನಿಂಬೆಹಣ್ಣು ಅಚ್ಚುಕಟ್ಟಾಗಿ ಮೂಡಿತು. ನಮ್ಮ ಮಾರ್ಗದರ್ಶಕರು ನೋಡಿ, 'ನಿಂಬೆಹಣ್ಣು ಸ್ಪಷ್ಟ ಇದೆಯಲ್ಲಮ್ಮ, ಪಟ್ಟಿಗೆ ಸೇರಿಸು' ಅಂದರು. ಸೇರಿಸಿದೆ.

ಎರಡು ವಾರದ ಮೇಲೆ ಪಕ್ಕದ ಊರಿನ ಇನ್ನೊಂದು ಕಲ್ಲು ನೋಡಿ ಬರುವಾಗ ಸಂಜೆ ಐದೂವರೆಯಾಗಿತ್ತು. ದಾರಿಯಲ್ಲೇ ಅಲ್ಲವೇ ಎಂದು ಹಳೆಯ ಕಲ್ಲಿನ ಹತ್ತಿರ ಹೋದೆ. ಅಲ್ಲಿ ದನ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು, 'ಈಗ ಬಂದ್ಯಾ ತಂಗಿ, ಈಗ ನೋಡು ಕಾಣ್ತದೆ, ಅವತ್ತು ಮಟಮಟ ಮಧ್ಯಾಹ್ನ ಬಂದಿದ್ದಿ' ಅಂದರು. ಹೊತ್ತು ಕಲ್ಲಿನ ಎಡಕ್ಕೆ ಇಳಿದಿತ್ತು. ಬೆಳಕು ಓರೆಯಾಗಿ ಬೀಳುತ್ತಿತ್ತು. ಬಳೆಗಳು ಒಂದೊಂದೂ ಎಣಿಸುವ ಹಾಗೆ ಎದ್ದಿದ್ದವು. ಪ್ರತಿ ಬಳೆಯ ಎಡ ಅಂಚು ಬೆಳಗಿ ಬಲ ಅಂಚು ಕಪ್ಪಾಗಿತ್ತು. ಬೆರಳ ನಡುವಿನ ಆ ದುಂಡು ಗುರುತು ಮಾತ್ರ ತಿರುಗಾಮುರುಗಾ. ಸೂರ್ಯನ ಕಡೆಯ ಅಂಚಿನಲ್ಲಿ ಕತ್ತಲು, ಆಚೆಯ ಅಂಚಿನಲ್ಲಿ ಬೆಳಕು. ಬೆರಳಿಟ್ಟು ನೋಡಿದೆ. ಬೆರಳು ಒಳಗೆ ಹೋಯಿತು.

ಅದು ಹಣ್ಣಲ್ಲ, ತಗ್ಗು. ಕಲ್ಲು ಚಕ್ಕೆ ಎದ್ದುಹೋದ ಜಾಗ. ಮೊದಲು ಹಣ್ಣಿದ್ದು ಆಮೇಲೆ ಉದುರಿರಬಹುದು, ಇಲ್ಲದೆಯೂ ಇರಬಹುದು. ಮೊದಲ ಸಲವೇ ಬೆರಳಿಡಬಹುದಿತ್ತು ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕುಂಕುಮ ಹಚ್ಚಿದ ಕಲ್ಲು ಮುಟ್ಟಲು ಹಿಂಜರಿದಿದ್ದೆ. ಆದರೆ ಹಿಂಜರಿಕೆಯಿಂದ ಆಗಬಹುದಾಗಿದ್ದ ತಪ್ಪು 'ಗೊತ್ತಿಲ್ಲ' ಎಂಬುದಷ್ಟೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಮಾಡಿಕೊಟ್ಟದ್ದು ಗ್ರೇಡಿಯಂಟ್. ಹಣ್ಣನ್ನು ಕಲ್ಲಿನ ಮೇಲೆ ಕೆತ್ತಿದ್ದು ನಾನೇ, ಅದೂ ಮೌಸ್ ಹಿಡಿದು.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಶೇಡಿಂಗ್ ಅನ್ನುವುದು ಚಿತ್ರಕ್ಕೆ ಕೊನೆಯಲ್ಲಿ ಹಾಕುವ ಒಗ್ಗರಣೆಯಲ್ಲ. ಅದು ಒಂದು ಹೇಳಿಕೆ. ಇಲ್ಲಿ ಉಬ್ಬಿದೆ, ಇಲ್ಲಿ ತಗ್ಗಿದೆ, ಬೆಳಕು ಆ ಕಡೆಯಿಂದ ಬರುತ್ತಿದೆ ಎಂದು ಚಿತ್ರ ಬರೆದವರು ಕೊಡುವ ಸಾಕ್ಷಿ. ನಮ್ಮ ಕಾರ್ಯಾಗಾರಗಳು, ಯೂಟ್ಯೂಬಿನ ಹತ್ತು ನಿಮಿಷದ ಪಾಠಗಳು, ಡಿಪ್ಲೊಮಾ ತರಗತಿಗಳು ಇದನ್ನು ಹೊಳಪಿನ ಪಾಲಿಶ್ ಎಂದು ಕಲಿಸುತ್ತಿವೆ. ಯಾವ ಬಟನ್ ಒತ್ತಬೇಕು ಎಂದು ಹೇಳುತ್ತವೆ, ಏನನ್ನು ನೋಡಬೇಕು ಎಂದು ಹೇಳುವುದಿಲ್ಲ.

ವಿಚಿತ್ರವೆಂದರೆ ಈ ತಿಳಿವಳಿಕೆ ನಮ್ಮಲ್ಲಿ ಇಲ್ಲದ್ದೇನಲ್ಲ. ಹೈಸ್ಕೂಲಿನಲ್ಲಿ ನಮ್ಮನ್ನು ಡ್ರಾಯಿಂಗ್ ಲೋಯರ್ ಪರೀಕ್ಷೆಗೆ ಕೂರಿಸಿದ ಮೇಷ್ಟ್ರು ಸ್ಟೂಲಿನ ಮೇಲೆ ಒಂದು ಹಿತ್ತಾಳೆ ಚೊಂಬು ಇಟ್ಟು, ಕೋಣೆಯ ಮೂರು ಕಿಟಕಿ ಮುಚ್ಚಿ ಒಂದನ್ನು ಮಾತ್ರ ತೆರೆಯುತ್ತಿದ್ದರು. ಪೆನ್ಸಿಲ್ ಮುಟ್ಟುವ ಮೊದಲು ಹಾಳೆಯ ಮೂಲೆಯಲ್ಲಿ ಬೆಳಕು ಬರುವ ದಿಕ್ಕಿಗೆ ಬಾಣದ ಗುರುತು ಹಾಕಬೇಕು. ಹಾಕದಿದ್ದವರ ಹಾಳೆಯನ್ನು ನೋಡುತ್ತಲೇ ಇರಲಿಲ್ಲ. ಸರ್ಕಾರಿ ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ಗೊತ್ತಿದ್ದ ಮೊದಲ ಪಾಠ ಕಂಪ್ಯೂಟರ್ ಲ್ಯಾಬಿಗೆ ಬರುವಷ್ಟರಲ್ಲಿ ಎಲ್ಲಿ ಉದುರಿಹೋಯಿತು? ತಂತ್ರಾಂಶ ನೆರಳನ್ನು ಸಿದ್ಧವಾಗಿ ಕೊಡುತ್ತದೆ, ಹಾಗಾಗಿ ಕಿಟಕಿಯ ಕಡೆ ನೋಡುವ ಅಗತ್ಯ ಯಾರಿಗೂ ಕಾಣುತ್ತಿಲ್ಲ ಎಂಬುದು ನನ್ನ ಗುಮಾನಿ.

ನೋಡುವ ಕಣ್ಣಿಗೆ ಮಾತ್ರ ಕಿಟಕಿ ಬೇಕೇ ಬೇಕು. ವಿ. ಎಸ್. ರಾಮಚಂದ್ರನ್ 1988ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಹೇಳುತ್ತವೆ. ಅವರು ಬಳಸಿದ್ದು ಬೇರೇನನ್ನೂ ಅಲ್ಲ, ನಾವು ಕಾರ್ಯಾಗಾರದಲ್ಲಿ ಮಾಡಿದಂಥವೇ ಬಿಳುಪಿನಿಂದ ಕಪ್ಪಿಗೆ ಇಳಿಯುವ ವೃತ್ತಗಳನ್ನು. ಮೇಲ್ಭಾಗ ಬೆಳ್ಳಗಿದ್ದರೆ ನಮಗೆ ಅವು ಉಬ್ಬಿದ ಗುಂಡುಗಳಾಗಿ ಕಾಣುತ್ತವೆ. ಕೆಳಭಾಗ ಬೆಳ್ಳಗಿದ್ದರೆ ತಗ್ಗುಗಳಾಗಿ ಕಾಣುತ್ತವೆ. ಪುಟವನ್ನು ತಲೆಕೆಳಗು ಮಾಡಿದರೆ ಗುಂಡು ತಗ್ಗಾಗುತ್ತದೆ, ತಗ್ಗು ಗುಂಡಾಗುತ್ತದೆ. ಬೆಳಕು ಮೇಲಿನಿಂದ ಬರುತ್ತದೆ ಎಂದೂ ಇಡೀ ಚಿತ್ರಕ್ಕೆ ಒಂದೇ ಬೆಳಕು ಎಂದೂ ಮಿದುಳು ಯಾರನ್ನೂ ಕೇಳದೆ ಒಪ್ಪಿಕೊಂಡುಬಿಡುತ್ತದೆ. ಪುರಾತತ್ವ ಚಿತ್ರಗಾರರು ವಸ್ತುವಿನ ಮೇಲೆ ಬೆಳಕು ಎಡಮೇಲಿನಿಂದ ಬೀಳುತ್ತದೆ ಎಂದೇ ಬರೆಯುವ ರೂಢಿ ಇಟ್ಟುಕೊಂಡಿರುವುದೂ ಸುಮ್ಮನೆ ಅಲ್ಲ. ನೋಡುವವರು, ಬರೆಯುವವರು ಒಂದೇ ದೀಪದ ಕೆಳಗೆ ಕೂರಲಿ ಎಂದು. ನಾನು ಚೆಂದಕ್ಕೆಂದು ಹೊಳಪನ್ನು ಎಡಮೇಲಕ್ಕೆ ಸರಿಸಿದಾಗ, ಗೊತ್ತಿಲ್ಲದೆಯೇ, ಈ ರೂಢಿಯ ಭಾಷೆಯಲ್ಲಿ 'ಇದು ಉಬ್ಬಿದೆ' ಎಂದು ಬರೆದು ಸಹಿ ಹಾಕಿದ್ದೆ.

ತಂತ್ರಾಂಶ ಹೇಗೆ ದಾರಿ ತಪ್ಪಿಸುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದನ್ನು ಯಾವ ಕಾರ್ಯಾಗಾರವೂ ನನಗೆ ಹೇಳಲಿಲ್ಲ, ತಪ್ಪು ಮಾಡಿ ಮಾಡಿ ಕಲಿತೆ.

ವೀರಗಲ್ಲಿನ ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಸ್ವರ್ಗಕ್ಕೆ ಒಯ್ಯುತ್ತಿರುತ್ತಾರೆ. ಎಡಕ್ಕೊಬ್ಬಳು, ಬಲಕ್ಕೊಬ್ಬಳು, ಕೈಯಲ್ಲಿ ಚಾಮರ. ಸೋಮಾರಿ ಏನು ಮಾಡುತ್ತಾಳೆ? ಎಡಗಡೆಯವಳನ್ನು ಬರೆದು, ನೆರಳು ತುಂಬಿ, ನಕಲು ತೆಗೆದು, ಎಚ್ ಕೀಲಿ ಒತ್ತುತ್ತಾಳೆ. ಇಂಕ್‌ಸ್ಕೇಪ್‌ನಲ್ಲಿ ಎಚ್ ಒತ್ತಿದರೆ ಆಕೃತಿ ಕನ್ನಡಿಯಲ್ಲಿ ಕಂಡಂತೆ ಮಗುಚುತ್ತದೆ. ಬಲಗಡೆಯ ಅಪ್ಸರೆ ಸಿದ್ಧ. ಆದರೆ ಆಕೃತಿಯ ಜೊತೆ ಗ್ರೇಡಿಯಂಟೂ ಮಗುಚಿರುತ್ತದೆ. ಒಬ್ಬಳ ಮೇಲೆ ಬೆಳಕು ಎಡದಿಂದ, ಇನ್ನೊಬ್ಬಳ ಮೇಲೆ ಬಲದಿಂದ. ಒಂದೇ ಕಲ್ಲಿಗೆ ಎರಡು ಸೂರ್ಯ! ಗ್ರೇಡಿಯಂಟ್ ಆಕೃತಿಯ ಜೊತೆ ಚಲಿಸಬೇಕೇ ಬೇಡವೇ ಎಂದು ಹೇಳುವ ಗುಂಡಿಯೊಂದು ಮೇಲಿನ ಪಟ್ಟಿಯಲ್ಲೇ ಇದೆ. ನಾನು ಅದನ್ನು ಗಮನಿಸಿದ್ದು ಹನ್ನೊಂದು ಚಿತ್ರ ಮುಗಿಸಿದ ಮೇಲೆ. ಸಮಮಿತಿ ಇರುವ ಯಾವ ಚಿತ್ರವನ್ನೇ ನೋಡಿ, ಪುಸ್ತಕದ ಮುಖಪುಟವಿರಲಿ, ಜಾತ್ರೆಯ ಫ್ಲೆಕ್ಸಿರಲಿ, ಈ ಎರಡು ಸೂರ್ಯ ಎಷ್ಟು ಕಡೆ ಬೆಳಗುತ್ತಿದ್ದಾರೆ ಎಂದು ಇನ್ನು ಮುಂದೆ ನಿಮಗೂ ಕಾಣತೊಡಗುತ್ತದೆ. ಅದಕ್ಕಾಗಿ ನನ್ನನ್ನು ಬೈಯಬೇಡಿ.

ಇನ್ನೊಂದು, ನಾನು ದಿಂಬಿನ ನೆರಳು ಎಂದು ಕರೆಯುವ ಪಿಡುಗು. ಯಾವ ಆಕೃತಿಯಾದರೂ ಸರಿ, ಅಂಚಿನ ಉದ್ದಕ್ಕೂ ಒಂದೇ ಸಮ ಕತ್ತಲು, ನಡುವೆ ಬಿಳುಪು. ಮುಖವೂ ದಿಂಬು, ಕುದುರೆಯೂ ದಿಂಬು, ಕತ್ತಿಯೂ ದಿಂಬು. ಬೆಳಕು ನೋಡುವವರ ಹಣೆಯಿಂದ ಬಂದರೆ ಮಾತ್ರ ಹೀಗೆ ಕಾಣಲು ಸಾಧ್ಯ. ಗಣಿಯ ಕೆಲಸಗಾರರ ಟೋಪಿಯ ದೀಪ ಹಾಕಿಕೊಂಡು ಜಗತ್ತು ನೋಡುವವರ ಶೇಡಿಂಗ್ ಇದು. ಪಾಪ, ರೇಡಿಯಲ್ ಗ್ರೇಡಿಯಂಟಿನ ತಪ್ಪಲ್ಲ. ಅದರ ನಡುವಿನ ಹಿಡಿಕೆಯನ್ನು ಶಿಫ್ಟ್ ಒತ್ತಿ ಎಳೆದರೆ ಬೆಳಕಿನ ಬಿಂದು ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಆದರೆ ಸರಿಸಬೇಕು ಎಂದು ಅನ್ನಿಸಲು ಮೊದಲು ದೀಪ ಎಲ್ಲಿದೆ ಎಂಬ ಪ್ರಶ್ನೆ ತಲೆಯಲ್ಲಿ ಇರಬೇಕಲ್ಲ.

ಅಷ್ಟು ಸರಿಸಿದರೂ ಚೆಂಡು ಸುಳ್ಳೇ. ಒಂದು ನಿಂಬೆಹಣ್ಣನ್ನು ಕಿಟಕಿಯ ಪಕ್ಕ ಬಿಳಿ ಹಾಳೆಯ ಮೇಲಿಟ್ಟು ನೋಡಿ. ಅತಿ ಕಪ್ಪಾದ ಭಾಗ ಅಂಚಿನಲ್ಲಿ ಇರುವುದಿಲ್ಲ, ಅದಕ್ಕೆ ಸ್ವಲ್ಪ ಈಚೆಗೆ ಇರುತ್ತದೆ. ಅಂಚಿನ ಹತ್ತಿರ ಹಾಳೆಯಿಂದ ಮರಳಿದ ಬೆಳಕು ಬಿದ್ದು ಕತ್ತಲು ತಿಳಿಯಾಗಿರುತ್ತದೆ. ಕಾರ್ಯಾಗಾರದ ಚೆಂಡಿನಲ್ಲಿ ನೆಲವೇ ಇರಲಿಲ್ಲ, ಹಾಗಾಗಿ ಮರಳುವ ಬೆಳಕೂ ಇರಲಿಲ್ಲ. ಹಣ್ಣಿನ ಕೆಳಗೆ ಬಿದ್ದ ನೆರಳನ್ನೂ ನೋಡಿ. ಹಣ್ಣು ಹಾಳೆಯನ್ನು ಮುಟ್ಟುವ ಕಡೆ ಅದು ಚೂಪಾಗಿ ಕಡುಗಪ್ಪಾಗಿದೆ, ದೂರ ಹೋದಂತೆ ಅಂಚು ಮೆತ್ತಗಾಗುತ್ತ ಕರಗುತ್ತದೆ. ಬಿಸಿಲಿನಲ್ಲಿಟ್ಟು ನೋಡಿದರೂ ಹೀಗೇ. ಸೂರ್ಯ ಒಂದು ಚುಕ್ಕಿಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಬ್ಲರ್ ಎಂಬ ಅಳತೆಪಟ್ಟಿ ಇಡೀ ನೆರಳನ್ನು ಒಂದೇ ಹದಕ್ಕೆ ಮೆತ್ತಗೆ ಮಾಡುತ್ತದೆ. ಆದ್ದರಿಂದಲೇ ಆ ಚಿತ್ರಗಳಲ್ಲಿ ಯಾವ ವಸ್ತುವೂ ನೆಲಕ್ಕೆ ಕಾಲೂರುವುದಿಲ್ಲ, ಎಲ್ಲವೂ ಒಂದಂಗುಲ ಮೇಲೆ ತೇಲುತ್ತಿರುತ್ತವೆ.

ಗ್ರೇಡಿಯಂಟ್ ಮೆಶ್ ಬಗ್ಗೆ ಹೇಳದಿದ್ದರೆ ಅದರ ಭಕ್ತರು ಬೇಸರಿಸುತ್ತಾರೆ. ಆಕೃತಿಯ ಮೇಲೆ ಬಲೆ ಹರಡಿ, ಬಲೆಯ ಗಂಟುಗಂಟಿಗೂ ಬೇರೆ ಬಣ್ಣ ಕೊಡುವ ಉಪಾಯ ಇದು. ಇಲಸ್ಟ್ರೇಟರ್‌ನಲ್ಲಿ 1998ರಿಂದ ಇದೆ, ಇಂಕ್‌ಸ್ಕೇಪ್‌ಗೆ 2017ರಲ್ಲಿ ಬಂತು. ಇದು ಬಂದರೆ ನೀವು ಪರಿಣತರು, ಬರದಿದ್ದರೆ ಇನ್ನೂ ಕಲಿಯುವವರು ಎಂಬಂಥ ಶ್ರೇಣಿಯೊಂದು ಹುಟ್ಟಿಕೊಂಡಿದೆ. ನಾನೂ ಒಂದು ವಾರ ಕೂತು ಒಂದು ಕುದುರೆಗೆ ಬಲೆ ಬೀಸಿದೆ. ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಕುದುರೆಯ ಹೊಟ್ಟೆಯಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಎಸ್‌ವಿಜಿ ಕಡತದ ಒಳಗಿನ ಮೆಶ್ಶನ್ನು ಬ್ರೌಸರುಗಳೂ ತಾವಾಗಿ ತೋರಿಸುವುದಿಲ್ಲ. ಪರಿಣತಿ ಗಾಳಿಗೆ ಹೋಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಜೆರಾಕ್ಸ್ ಯಂತ್ರ. ಕಲಿಸುವವರು ತಾವು ಕಲಿಸಿದ ಚಿತ್ರ ಎಲ್ಲಿ ಬದುಕಬೇಕು ಎಂದು ಯೋಚಿಸುವುದೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮಲ್ಲಿ ಪಿಎಚ್.ಡಿ. ಪ್ರಬಂಧ ಎಲ್ಲಿ ಓದಿಸಿಕೊಳ್ಳುತ್ತದೆ? ಜೆರಾಕ್ಸ್ ಪ್ರತಿಯಲ್ಲಿ, ಅದರ ಜೆರಾಕ್ಸಿನಲ್ಲಿ, ಫೋನಿನಲ್ಲಿ ಹೊಡೆದ ಅದರ ಫೋಟೋದಲ್ಲಿ. ನವಿರಾದ ಗ್ರೇಡಿಯಂಟ್ ಎರಡನೇ ಪ್ರತಿಗೇ ಮಸಿಯ ಉಂಡೆಯಾಗುತ್ತದೆ. ಹಳೆಯ ಕಾಲದ ಚುಕ್ಕಿ ನೆರಳು, ಓರೆಗೆರೆಯ ನೆರಳು ಮಾತ್ರ ಉಳಿಯುತ್ತವೆ. ಅಚ್ಚ ಕಪ್ಪು ಚುಕ್ಕಿಗಳನ್ನು ಕತ್ತಲಿನ ಕಡೆ ಒತ್ತೊತ್ತಾಗಿ, ಬೆಳಕಿನ ಕಡೆ ವಿರಳವಾಗಿ ಇಡುವುದು. ನಡುವೆ ಬೂದು ಬಣ್ಣವೇ ಇಲ್ಲ. ಇಂಕ್‌ಸ್ಕೇಪ್‌ನ ಸ್ಪ್ರೇ ಟೂಲ್‌ನಿಂದ ಚುಕ್ಕಿ ಎರಚಬಹುದು, ಆದರೆ ಎರಚಿದ ಚುಕ್ಕಿ ಒಂದರ ಮೇಲೊಂದು ಬಿದ್ದು ಗಂಟುಕಟ್ಟುತ್ತದೆ. ನಾನು ಈಗ ಬಹುತೇಕ ಕೈಯಿಂದಲೇ ಇಡುತ್ತೇನೆ. ಒಂದು ಬಳೆಗೆ ಮೂವತ್ತು ನಲವತ್ತು ಚುಕ್ಕಿ. ಪ್ರತಿ ಚುಕ್ಕಿ ಇಡುವಾಗಲೂ 'ಇಲ್ಲಿ ನಿಜವಾಗಿಯೂ ತಗ್ಗಿದೆಯಾ?' ಎಂದು ಕೇಳಿಕೊಳ್ಳಬೇಕಾಗುತ್ತದೆ. ಗ್ರೇಡಿಯಂಟ್ ಒಂದೇ ಎಳೆತಕ್ಕೆ ನೂರು ಉತ್ತರ ಕೊಟ್ಟುಬಿಡುತ್ತದೆ, ಅದರಲ್ಲಿ ನೀವು ಕೇಳಿಕೊಂಡ ಪ್ರಶ್ನೆ ಒಂದೂ ಇರುವುದಿಲ್ಲ.

ವೆಕ್ಟರ್ ಬೇಡ, ಕೈಬರಹವೇ ಶ್ರೇಷ್ಠ ಎಂದು ನಾನು ಹೇಳುತ್ತಿದ್ದೇನೆ ಎಂದು ಯಾರಾದರೂ ಸಂತೋಷಪಟ್ಟಿದ್ದರೆ ಕ್ಷಮಿಸಿ. ಕಂಪ್ಯೂಟರಿನಲ್ಲಿ ಬರೆದದ್ದು ಕಲೆಯೇ ಅಲ್ಲ ಎನ್ನುವವರ ಜೊತೆ ನನಗೆ ಚಹಾ ಕುಡಿಯುವಷ್ಟೂ ಸ್ನೇಹವಿಲ್ಲ. ಕನ್ನಡದಲ್ಲಿ ನಾವು ಚಿತ್ರವನ್ನೂ 'ಬರೆಯುತ್ತೇವೆ'. ಆ ಮಾತಿಗೆ ಅತಿ ಹತ್ತಿರದ ಮಾಧ್ಯಮ ಇದ್ದರೆ ಅದು ವೆಕ್ಟರ್. ಎಸ್‌ವಿಜಿ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಚಿತ್ರವಿಡೀ ಅಕ್ಷರವಾಗಿ, ಅಂಕೆಯಾಗಿ ಬರೆದಿರುತ್ತದೆ. ಒಂದು ನೇರ ಗ್ರೇಡಿಯಂಟ್ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದು ನಾಲ್ಕು ಸಂಖ್ಯೆಗಳಲ್ಲಿರುತ್ತದೆ. ಹೊರಡುವ ಬಿಂದುವಿಗೆ ಎರಡು, ಮುಟ್ಟುವ ಬಿಂದುವಿಗೆ ಎರಡು. ಅಂದರೆ ಸೂರ್ಯ ಎಲ್ಲಿದ್ದ ಎಂದು ಬರೆದವರು ಒಪ್ಪಿಕೊಂಡ ಹೇಳಿಕೆ ಅಲ್ಲೇ ಇದೆ, ಮುಂದೆ ಯಾರು ಬೇಕಾದರೂ ತೆರೆದು ಪಾಟೀಸವಾಲು ಮಾಡಬಹುದು. ಪೆನ್ಸಿಲ್ ಚಿತ್ರ ಇಷ್ಟು ಬಿಡಿಸಿ ಉತ್ತರ ಹೇಳುವುದಿಲ್ಲ. ಇಂಥ ಪ್ರಾಮಾಣಿಕ ಮಾಧ್ಯಮವನ್ನು ಹೊಳೆಯುವ ಬಟನ್ ಮಾಡಲು ಕಲಿಸುತ್ತಿದ್ದೀರಲ್ಲ ಎಂಬುದೇ ನನ್ನ ಸಿಟ್ಟು.

ಶೇಡಿಂಗ್ ಇದ್ದರೇ ಪ್ರೌಢ, ಇಲ್ಲದಿದ್ದರೆ ಎಳಸು ಎಂಬ ಭಾವನೆಯೂ ಇದೇ ತರಗತಿಗಳ ಕೊಡುಗೆ. ನಾನು ಓಡಾಡುವ ಸೀಮೆಯಲ್ಲೇ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದರಲ್ಲಿ ನೆರಳಿಲ್ಲ, ಬೇಕಾಗಿಯೂ ಇಲ್ಲ. ಮೈಸೂರು ಶೈಲಿಯ ಚಿತ್ರಗಾರರು ಆಭರಣಗಳನ್ನು ಗೆಸ್ಸೋ ಹಚ್ಚಿ ನಿಜವಾಗಿಯೇ ಉಬ್ಬಿಸಿ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ನೆರಳು ಹಾಕುವ ಕೆಲಸ ದೇವರ ಮುಂದಿನ ದೀಪದ್ದು. ತೊಗಲುಗೊಂಬೆಯಲ್ಲಂತೂ ಬೆಳಕು ಹಿಂದಿನಿಂದ ಬಂದು ತೂತುಗಳಲ್ಲಿ ಒಡವೆಯಾಗುತ್ತದೆ. ಇವರೆಲ್ಲರಿಗೂ ತಮ್ಮ ದೀಪ ಎಲ್ಲಿದೆ ಎಂದು ಗೊತ್ತಿತ್ತು, ಅಷ್ಟೆ.

ಇನ್ನು ಇನ್ನೊಂದು ಗುಂಪು. 'ಚಿತ್ರ ಡಿಟಿಪಿಯವರು ಮಾಡಿಕೊಡ್ತಾರೆ, ನೀವು ವಿಷಯ ನೋಡಿಕೊಳ್ಳಿ' ಎನ್ನುವ ನಮ್ಮ ವಿದ್ವಾಂಸರು. ನೆರಳೂ ವಿಷಯವೇ ಎಂದು ಇವರಿಗೆ ಹೇಗೆ ಹೇಳಲಿ? ಸಂಜೆಯ ಆ ಭೇಟಿಯ ನಂತರ ನಾನು ಚಿತ್ರ ತಿದ್ದಿದೆ. ದುಂಡು ಗುರುತಿಗೆ ನೆರಳು ತೆಗೆದು ಬರಿಯ ತುಂಡುಗೆರೆಯ ವೃತ್ತ ಬಿಟ್ಟೆ. ಕೆಳಗೆ 'ಚಕ್ಕೆ ಎದ್ದ ಭಾಗ. ಮೊದಲು ನಿಂಬೆಹಣ್ಣು ಇದ್ದಿರಬಹುದು' ಎಂದು ಬರೆದೆ. ಅಧ್ಯಾಯದ ಕರಡು ಪುಟ ವಿನ್ಯಾಸವಾಗಿ ಬಂದಾಗ ವೃತ್ತದೊಳಗೆ ಒಂದು ಸೊಗಸಾದ ನಿಂಬೆಹಣ್ಣು ಹೊಳೆಯುತ್ತಿತ್ತು. 'ಮೇಡಂ, ಅದೊಂದು ಖಾಲಿ ಬಿಟ್ಟಿದ್ರಿ, ನಾನೇ ಶೇಡ್ ಹಾಕಿದೀನಿ, ಅದಕ್ಕೆ ಚಾರ್ಜ್ ಇಲ್ಲ' ಅಂದ ಆ ಹುಡುಗ. ಅವನದ್ದು ಒಳ್ಳೆಯ ಮನಸ್ಸು. ಅವನು ಕಲಿತದ್ದೂ ಇಂಥದೇ ಯಾವುದೋ ತರಗತಿಯಲ್ಲಿ ಇರಬೇಕು, ಅಲ್ಲಿ ಖಾಲಿ ಎಂದರೆ ಅಪೂರ್ಣ ಎಂದೇ ಅರ್ಥ.

ಆ ಹೊಳೆಯುವ ಹಣ್ಣನ್ನು ನೋಡಿದಾಗ ಆದ ಸಂಕಟ ಬರಿಯ ದಾಖಲೆಯದ್ದಲ್ಲ. ಅದು ಬೆಂಕಿಗೆ ಹೋದ ಒಬ್ಬ ಹೆಂಗಸಿನ ಕೈ. ಅವಳಾಗಿ ಹೋದಳೋ ಹೋಗುವಂತೆ ಮಾಡಿದರೋ ಕಲ್ಲು ಹೇಳುವುದಿಲ್ಲ. ಅವಳ ಹೆಸರೂ ಆ ಕಲ್ಲಿನಲ್ಲಿ ಉಳಿದಿಲ್ಲ. ಉಳಿದಿರುವುದು ಕೈ, ಬಳೆ, ಬೆರಳ ನಡುವಿನ ಒಂದು ಗಾಯ. ಅದರ ಮೇಲೆ ತಂಪುಪಾನೀಯದ ಜಾಹೀರಾತಿನಂಥ ಹಣ್ಣು ಕೂರಿಸಿದ ಮೊದಲ ಕೈ ನನ್ನದು, ಎರಡನೆಯದು ಅವನದು.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದೆಯಲ್ಲ, ಇನ್ನು ಈ ಚುಕ್ಕಿ ಗೆರೆ ಯಾಕೆ ಎಂದು ಗೆಳೆಯರೊಬ್ಬರು ಕೇಳಿದರು. ಆ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಸ್ಕ್ಯಾನ್ ಮಾಡಿದ ಕಲ್ಲನ್ನು ಪರದೆಯ ಮೇಲೆ ತೋರಿಸಬೇಕಾದರೂ ಒಂದು ಹುಸಿ ದೀಪವನ್ನು ಎಲ್ಲೋ ಒಂದು ಕಡೆ ಇಡಲೇಬೇಕು. ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಎಚ್‌ಪಿ ಪ್ರಯೋಗಾಲಯದಲ್ಲಿ ರೂಪಿಸಿದ ವಿಧಾನವೊಂದಿದೆ. ಕ್ಯಾಮೆರಾ ಅಲುಗಾಡದಂತೆ ನಿಲ್ಲಿಸಿ, ದೀಪವನ್ನು ಸುತ್ತ ಬೇರೆ ಬೇರೆ ಕಡೆ ಹಿಡಿದು ಹತ್ತಾರು ಫೋಟೋ ತೆಗೆಯುತ್ತಾರೆ. ಆಮೇಲೆ ಪರದೆಯ ಮೇಲೆ ಬೆಳಕನ್ನು ಬೇಕಾದ ಕಡೆಗೆ ತಿರುಗಿಸಿ ಸವೆದ ಅಕ್ಷರವನ್ನು ಓದಬಹುದು. ಅಷ್ಟು ದೊಡ್ಡ ತಂತ್ರಜ್ಞಾನ ಹೇಳುವುದೂ ದನ ಕಾಯುವ ಹಿರಿಯರು ಹೇಳಿದ್ದನ್ನೇ: ಮಧ್ಯಾಹ್ನ ಬರಬೇಡ, ಸಂಜೆ ಬಾ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ. ಹತ್ತನೆಯ ಶತಮಾನದ್ದು. ಕಾಳಿ ಎಂಬ ನಾಯಿ ಕಾಡುಹಂದಿಯೊಂದಿಗೆ ಕಾದಾಡಿ ಸತ್ತ ನೆನಪಿಗೆ ನಿಲ್ಲಿಸಿದ್ದು. ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ, ಟ್ಯುಟೋರಿಯಲ್ ನೋಡುವ ಮೊದಲು ಅಲ್ಲಿಗೆ ಹೋಗಿ ಆ ನಾಯಿ ಹಂದಿಗಳ ಎದುರು ಅರ್ಧ ಗಂಟೆ ನಿಲ್ಲಿ. ನಾಯಿಯ ಮೈ ಎಲ್ಲಿ ಹಂದಿಯ ಮೈಗಿಂತ ಮುಂದಿದೆ, ಎಲ್ಲಿ ಹಿಂದಿದೆ ಎಂದು ನೆರಳಿನಿಂದಲೇ ಪತ್ತೆ ಮಾಡಿ. ಪಕ್ಕಕ್ಕೆ ಎರಡು ಹೆಜ್ಜೆ ಸರಿದು ಮತ್ತೆ ನೋಡಿ. ಮನೆಗೆ ಬಂದು ಇಂಕ್‌ಸ್ಕೇಪ್ ತೆರೆದಾಗ ಗ್ರೇಡಿಯಂಟಿನ ಗುಂಡಿ ಒತ್ತಲು ಕೈ ಸ್ವಲ್ಪ ತಡವರಿಸಿದರೆ ಒಳ್ಳೆಯದೇ ಆಯಿತು.

ಇಷ್ಟೆಲ್ಲ ಕೂಗಾಡಿದ್ದಕ್ಕೆ ಶಿಕ್ಷೆಯಾಗಿ ಮುಂದಿನ ತಿಂಗಳು ನಮ್ಮ ವಿಭಾಗದಲ್ಲಿ ಒಂದು ದಿನದ ತರಗತಿ ತೆಗೆದುಕೊಳ್ಳಲು ನನಗೇ ಹೇಳಿದ್ದಾರೆ. ಪೋಸ್ಟರಿನಲ್ಲಿ ಆಗಲೇ ಒಂದು ಹೊಳೆಯುವ ಚೆಂಡು ಹಾಕಿದ್ದಾರೆ, ನೆರಳು ಒಂದಂಗುಲ ಕೆಳಗೆ ತೇಲುತ್ತಿದೆ. ಬೆಳಗಿನ ಅವಧಿಯಲ್ಲಿ ಕಂಪ್ಯೂಟರ್ ಹಚ್ಚುವುದಿಲ್ಲ ಎಂದು ತಿಳಿಸಿ, ಇಪ್ಪತ್ತು ವಿದ್ಯಾರ್ಥಿಗಳಿಗೆ ಇಪ್ಪತ್ತು ನಿಂಬೆಹಣ್ಣು, ನಾಲ್ಕು ಟಾರ್ಚು ಬೇಕೆಂದು ಅರ್ಜಿ ಕೊಟ್ಟೆ. ಟಾರ್ಚಿಗೆ ಮಂಜೂರಾತಿ ಸಿಕ್ಕಿತು. ನಿಂಬೆಹಣ್ಣನ್ನು ಯಾವ ಲೆಕ್ಕಶೀರ್ಷಿಕೆಯಡಿ ಖರೀದಿಸುವುದು ಎಂದು ಕೇಳಿ ಕಡತ ವಾಪಸು ಬಂದಿದೆ. ಸ್ಟೇಷನರಿ ಎಂದು ಬರೆದು ಕಳಿಸಿದ್ದೇನೆ.